ರಜೆಯ ಪ್ರವಾಸ ಮತ್ತು ದೇಹಾರೋಗ್ಯ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ದೇಶ ಸುತ್ತುವುದಕ್ಕೆ ಕಾಲು ಬೇಕು, ಕಾಲಿಗೆ ಬಲವೂ ಬೇಕು. ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಸೀಮೆಯ ಕನ್ನಡಿಗರಾದ ನಮಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮ ಶಾಲೆಗಳ ಮಕ್ಕಳು ಬಾದಾಮಿ, ಹಂಪೆ, ಬೆಳ್ಗೊಳಗಳ ಹೆಸರನ್ನು ಪಾಠದಲ್ಲಿ ಓದುತ್ತಾರೆ. ಅವನ್ನು ಕಣ್ಣಾರೆ ಕಾಣುವ ಅವಕಾಶ ಬಹುಮಂದಿಗೆ ಒದಗುವುದು ರಜೆಯ ನಾಲ್ಕಾರು ದಿನಗಳಲ್ಲಿ ಮಾತ್ರ. ಆ ದಿನಗಳಲ್ಲಿ ದೇಹ ಸೋತರೆ ಕಂಡದ್ದೂ ಕಾಣದಂತೆಯೇ. ಆದಕಾರಣ ಪ್ರವಾಸಕಾಲದಲ್ಲಿ ಆರೋಗ್ಯವನ್ನು ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ಕೆಲವು ಮಾತು ಹೇಳಬಯಸುತ್ತೇವೆ.

ನಮ್ಮ ಸೀಮೆಗೆ ಯಾತ್ರೆ ಹೊಸದಲ್ಲ. ಯುಗಾದಿಗೆ ಮುನ್ನ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರು ಇಂದಿಗೂ ಇದ್ದಾರೆ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಬೆಳಗಿನ ತಂಪಿನಲ್ಲಿ ನಡೆಯುವುದು, ಬಿಸಿಲೇರಿದಾಗ ನೆರಳಿನಲ್ಲಿ ತಂಗುವುದು ಇಂಥ ಯಾತ್ರೆಯ ಕ್ರಮ. ಅಲ್ಲಿ ಪ್ರಯಾಣವೇ ವ್ಯಾಯಾಮ. ನಮ್ಮ ಪ್ರವಾಸದಲ್ಲಾದರೋ ಬಸ್ಸು ಗುಡಿಯ ಬಾಗಿಲವರೆಗೆ ಒಯ್ಯುತ್ತದೆ. ಹತ್ತು ಗಂಟೆ ಕುಳಿತು, ಹತ್ತು ನಿಮಿಷ ನೋಡಿ, ಮತ್ತೆ ಕುಳಿತುಕೊಳ್ಳುತ್ತೇವೆ. ಮರಳುವಾಗ ಕಾಲು ಬಾತಿರುತ್ತದೆ, ಹೊಟ್ಟೆ ಕೆಟ್ಟಿರುತ್ತದೆ. ಕಂಡ ಶಿಲ್ಪದ ನೆನಪು ಮಸುಕಾಗಿರುತ್ತದೆ.

ಬಹಳ ಹೊತ್ತು ಕುಳಿತೇ ಇದ್ದರೆ ಕಾಲಿನ ರಕ್ತಸಂಚಾರ ಮಂದವಾಗುತ್ತದೆ. ನಾಲ್ಕು ಗಂಟೆ ಮೀರಿದ ಪಯಣ, ವಿಮಾನದಲ್ಲಿರಲಿ ಬಸ್ಸಿನಲ್ಲಿರಲಿ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವನ್ನು ಸುಮಾರು ಇಮ್ಮಡಿಗೊಳಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಆರೋಗ್ಯವಂತರಿಗೆ ಈ ಅಪಾಯ ಅತ್ಯಲ್ಪ. ಆದರೆ ಉಪಾಯ ಸುಲಭವಾಗಿರುವಾಗ ಉದಾಸೀನವೇಕೆ? ಎರಡು ಗಂಟೆಗೊಮ್ಮೆ ಬಸ್ಸು ನಿಲ್ಲಿಸಿ ಹತ್ತು ನಿಮಿಷ ಅಡ್ಡಾಡಬೇಕು. ಕುಳಿತಲ್ಲಿಯೇ ಹಿಮ್ಮಡಿಯನ್ನೂ ಮುಂಗಾಲನ್ನೂ ಸರದಿಯಂತೆ ಎತ್ತಿ ಇಳಿಸಬೇಕು. ಆಗಾಗ ನೀರು ಕುಡಿಯಬೇಕು. ದಾರಿಯಲ್ಲಿ ಶೌಚದ ಅನುಕೂಲವಿರದೆಂದು ನಮ್ಮ ಹೆಣ್ಣುಮಕ್ಕಳು ನೀರನ್ನೇ ಬಿಟ್ಟುಬಿಡುವುದುಂಟು. ಎಲ್ಲೆಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ಗೊತ್ತುಮಾಡುವುದು ಪ್ರವಾಸದ ಹೊಣೆ ಹೊತ್ತವರ ಕರ್ತವ್ಯ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂತಹ ಶ್ರಮವೂ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಓಡಾಟವೂ ಬೇಕೆಂದು ಅದೇ ಸಂಸ್ಥೆ 2020ರಲ್ಲಿ ಸೂಚಿಸಿದೆ. ಪ್ರವಾಸದಲ್ಲಿ ಇದಕ್ಕೆ ಬೇರೆ ಗರಡಿಮನೆ ಬೇಡ. ವಿಜಯಪುರದ ಗೋಳಗುಮ್ಮಟದಲ್ಲಿ ಮೂಲೆಯ ಗೋಪುರಗಳು ಏಳು ಅಂತಸ್ತಿನವು. ಆ ಮೆಟ್ಟಿಲುಗಳನ್ನೇರಿದವರಿಗೇ ಮೇಲಿನ ಮೊಗಸಾಲೆಯ ಪಿಸುಮಾತು ಕೇಳಿಸುತ್ತದೆ. ಬೆಳ್ಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಮಿಕ್ಕ ಮೆಟ್ಟಿಲು. ಪಾದರಕ್ಷೆ ಬಿಟ್ಟು ಏರಬೇಕಾದ್ದರಿಂದ ಬಂಡೆ ಕಾಯುವ ಮೊದಲೇ ಹೊರಡಬೇಕು. ಅಲ್ಲಿ ಗೊಮ್ಮಟನ ಪಾದದ ಇಕ್ಕೆಲಗಳಲ್ಲಿ ಕನ್ನಡ, ತಮಿಳು, ಮರಾಠಿ ಭಾಷೆಗಳ ಶಾಸನಗಳಿವೆ. ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವ ನಮ್ಮ ಮಕ್ಕಳು ಅವನ್ನು ಒಟ್ಟಿಗೆ ಕಾಣಬೇಡವೇ? ಬೆಟ್ಟದ ಬುಡದಲ್ಲಿ ಬಸ್ಸಿನೊಳಗೆ ಮಲಗಿದವರಿಗೆ ಆ ಭಾಗ್ಯವಿಲ್ಲ.

ಹಾಗೆಂದು ಸಿದ್ಧತೆಯಿಲ್ಲದೆ ಬೆಟ್ಟ ಹತ್ತಲಾಗದು. ಒಂದು ತಿಂಗಳು ಮೊದಲೇ ದಿನವೂ ಅರ್ಧ ಗಂಟೆ ನಡೆದು ಕಾಲನ್ನು ಪಳಗಿಸಬೇಕು. ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂದು ವಾಗ್ಭಟನು ವಿಧಿಸಿದ್ದಾನೆ. ಹಿರಿಯರು ಅದನ್ನು ಮರೆಯಬಾರದು. ಹೃದ್ರೋಗ, ಮಧುಮೇಹಗಳಿರುವವರು ವೈದ್ಯರನ್ನು ಕೇಳಿ, ಔಷಧವನ್ನು ಕೈಚೀಲದಲ್ಲಿಯೇ ಇಟ್ಟುಕೊಂಡು ಹೊರಡಬೇಕು. ತಂಗಿದಲ್ಲಿ ಒಂದು ಕಂಬಳಿ ಹಾಸುವಷ್ಟು ಜಾಗವಿದ್ದರೆ ಬೆಳಗಿನ ಸೂರ್ಯನಮಸ್ಕಾರಕ್ಕೆ ಸಾಕು.

ಆಹಾರದಲ್ಲಿ ನಮ್ಮ ಒಣರೊಟ್ಟಿಯಂತಹ ಸಂಗಾತಿ ಇನ್ನಿಲ್ಲ; ಅದು ಬೇಗ ಕೆಡದು. ಕಾಯಿಸಿ ಆರಿಸಿದ ನೀರು, ಬಿಸಿಯಾದ ಊಟ, ಉಣ್ಣುವ ಮುನ್ನ ಸಾಬೂನಿನಿಂದ ಕೈತೊಳೆಯುವುದು, ಇಷ್ಟಾದರೆ ಹೊಟ್ಟೆಯ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಚಹದ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಬೇಕು. ನಿಲ್ಲದಿದ್ದರೆ ವೈದ್ಯರಲ್ಲಿಗೆ ಒಯ್ಯಬೇಕು.

ಕೊನೆಯದಾಗಿ ಒಂದು ವಿನಂತಿ. ಮೂರು ದಿನಗಳಲ್ಲಿ ಎಂಟು ಊರು ಸುತ್ತಿಸುವ ಕಾರ್ಯಕ್ರಮವನ್ನು ಹಾಕಿಕೊಳ್ಳದಿರೋಣ. ರಾತ್ರಿಯೆಲ್ಲ ಪಯಣಿಸಿ ನಿದ್ದೆಗೆಟ್ಟ ಮಗುವಿಗೆ ಯಾವ ಶಿಲ್ಪವೂ ಮಾತನಾಡಿಸದು. ಎರಡೇ ಊರು ಸಾಕು. ಅವನ್ನು ನಡೆದು ನೋಡೋಣ, ನಿಂತು ನೋಡೋಣ. ಗಡಿಯ ಈಚೆ ಬೆಳೆಯುವ ನಮ್ಮ ಮಕ್ಕಳು ಕನ್ನಡ ನಾಡನ್ನು ಬಸ್ಸಿನ ಕಿಟಕಿಯಿಂದ ಕಾಣದೆ ತಮ್ಮ ಕಾಲಿನಿಂದಲೇ ಅಳೆದು ಬರಲೆಂದು ಹಾರೈಸುತ್ತೇವೆ.