ನಮ್ಮ ಊರು, ನಮ್ಮ ಶಾಲೆ, ನಮ್ಮ ಹೊಣೆ

(ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಊರು ಹೇಗಿದೆಯೋ ಶಾಲೆಯ ಕೆಲಸವೂ ಹಾಗೆ. ಶಿವಮೊಗ್ಗದ ಮಗುವಿಗೆ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಪಂಚಾಯತಿನ ಅರ್ಜಿ ಎಲ್ಲವೂ ಕನ್ನಡ ಕಲಿಸುತ್ತವೆ. ನಮ್ಮ ಕಾಸರಗೋಡಿನ ಮಗು ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಹವ್ಯಕ ಕನ್ನಡ ಮಾತಾಡುತ್ತದೆ. ರಸ್ತೆಗಿಳಿದರೆ ಹೆಚ್ಚಾಗಿ ಮಲಯಾಳದ ಬರಹವನ್ನೇ ಕಾಣುತ್ತದೆ. ಪುಸ್ತಕದ ಕನ್ನಡ ಅದಕ್ಕೆ ಮುಖ್ಯವಾಗಿ ಸಿಗುವುದು ತರಗತಿಯಲ್ಲಿ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಯಾಗಲಿಲ್ಲ. ಆದರೆ 1956ರಲ್ಲೇ ಸಂವಿಧಾನಕ್ಕೆ ಸೇರಿದ 350ಎ ವಿಧಿ ನಮ್ಮ ಕೈಯಲ್ಲಿದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ.

ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ತಿಳಿಯದ ಅಧ್ಯಾಪಕರು ಬಂದಾಗ ಜಿಲ್ಲೆಯ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಭಿನ್ನರಾಶಿಯ ಪಾಠವನ್ನು ಅರ್ಥವಾಗದ ಭಾಷೆಯಲ್ಲಿ ಕೇಳಿದ ಮಗು 'ನನಗೆ ಲೆಕ್ಕವೇ ಬರುವುದಿಲ್ಲ' ಎಂದುಕೊಳ್ಳುತ್ತದೆ. ಆ ಅಂಜಿಕೆ ಹತ್ತನೇ ತರಗತಿಯವರೆಗೂ ಬಿಡುವುದಿಲ್ಲ. ಮಲಯಾಳ ಕಲಿಯಲು ನಮ್ಮ ಅಡ್ಡಿಯಿಲ್ಲ. ಅದು ನೆರೆಯವರ ಭಾಷೆ, ಬದುಕಿಗೂ ಬೇಕು. ಆದರೆ ಲೆಕ್ಕ, ವಿಜ್ಞಾನ ತಿಳಿಯಬೇಕಾದರೆ ಪಾಠದ ಭಾಷೆ ಮಗುವಿಗೆ ತಿಳಿದಿರಬೇಕು.

ಹೆತ್ತವರೇ, ಮೂರು ವಿಷಯ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಒಂದು, ಶಾಲೆ ತೆರೆದ ಆರನೇ ಕೆಲಸದ ದಿನದ ಮಕ್ಕಳ ಸಂಖ್ಯೆಯ ಮೇಲೆ ಡಿವಿಷನ್, ಹುದ್ದೆಗಳು ನಿಂತಿವೆ. ನಾಲ್ಕು ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ಉಳಿದವರ ಅಧ್ಯಾಪಕರ ಹುದ್ದೆಗೂ ಕುತ್ತು ಬರಬಹುದು. ಆದ್ದರಿಂದ ಅದಕ್ಕೆ ಮೊದಲೇ ಮಕ್ಕಳನ್ನು ಸೇರಿಸಿರಿ, ನೆರೆಮನೆಯವರಿಗೂ ಹೇಳಿರಿ. ಎರಡು, ಈ ಸಂಘದ ನಡಾವಳಿಯನ್ನು ಕನ್ನಡದಲ್ಲೇ ಬರೆಯಿರಿ. ದೂರು ಇದ್ದರೆ ತರಗತಿ, ವಿಷಯ, ದಿನಾಂಕ ನಮೂದಿಸಿ ಕೊಟ್ಟು, ಪ್ರತಿಯನ್ನು ಇಟ್ಟುಕೊಳ್ಳಿರಿ. ಬಾಯಿಮಾತಿನ ಬೇಸರಕ್ಕೆ ಕಡತದಲ್ಲಿ ಜಾಗವಿಲ್ಲ. ಮೂರು, ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಕನ್ನಡ ಪತ್ರಿಕೆ ಓದಿಸಿರಿ. ಕುಂಬಳೆಯ ಪಾರ್ತಿಸುಬ್ಬನ ನಾಡು ನಮ್ಮದು. ಯಕ್ಷಗಾನಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ತುಳು ಮನೆಯ ಮಗು ಒಳ್ಳೆಯ ಕನ್ನಡ ಕೇಳಲು ಅದಕ್ಕಿಂತ ಬೇರೆ ಪಾಠ ಬೇಡ.

ತರಗತಿಯೊಳಗಿನ ಕೆಲಸ ನಾವು ಮಾಡುತ್ತೇವೆ. ತರಗತಿ ಉಳಿಯುವಂತೆ ನೀವು ನೋಡಿಕೊಳ್ಳಬೇಕು.