ಕೆರೆ ಊರಿನದು, ನೀರುಗಂಟಿ ಯಾರವನು?

(ಉಪನ್ಯಾಸದ ಬರಹರೂಪ)



'ಸರ್ವರ್ ಇಲ್ಲ, ನಾಳೆ ಬನ್ನಿ.' ತುಮಕೂರಿನಲ್ಲಾಗಲಿ, ಗುಬ್ಬಿಯಲ್ಲಾಗಲಿ, ಕುಣಿಗಲ್ಲಿನಲ್ಲಾಗಲಿ ಈ ಮಾತನ್ನು ಒಮ್ಮೆಯೂ ಕೇಳದವರು ಅಪರೂಪ. ಪಹಣಿಗೆಂದು ಹೋದ ರೈತ, ಪಡಿತರಕ್ಕೆ ಸಾಲಿನಲ್ಲಿ ನಿಂತ ಗೃಹಿಣಿ, ಆದಾಯ ಪ್ರಮಾಣಪತ್ರಕ್ಕೆ ಅಲೆದ ವಿದ್ಯಾರ್ಥಿ ಎಲ್ಲರಿಗೂ ಇದು ಪರಿಚಿತ. ಮೂವತ್ತು ವರ್ಷಗಳ ಹಿಂದೆ ನಮ್ಮ ಊರುಗಳಲ್ಲಿ 'ಸರ್ವರ್' ಎಂದರೆ ಹೋಟೆಲಿನಲ್ಲಿ ದೋಸೆ ತಂದಿಡುವವನು. ಇಂದಿನ ಸರ್ವರ್ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ. ದೂರದ ಕೋಣೆಯೊಂದರಲ್ಲಿ ಹಗಲೂ ರಾತ್ರಿ ಎಚ್ಚರವಾಗಿರುವ ಆ ಕಂಪ್ಯೂಟರ್, ಕೇಳಿದವರಿಗೆ ಕೇಳಿದ್ದನ್ನು ತಂದು ಬಡಿಸುತ್ತದೆ.

ಈ ಕಂಪ್ಯೂಟರುಗಳು ಓಡುವುದು ತಂತ್ರಾಂಶದ ಮೇಲೆ. ಲಿನಕ್ಸ್, ಅಪಾಚೆ, ಎಂಜಿನ್‌ಎಕ್ಸ್, ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್ ಎಂಬ ಹೆಸರುಗಳನ್ನು ಸಾಮಾನ್ಯ ಓದುಗರು ಕೇಳಿರಲಿಕ್ಕಿಲ್ಲ. ಆದರೆ ಜಗತ್ತಿನ ಜಾಲತಾಣಗಳಲ್ಲಿ ಬಹುಪಾಲು ನಿಂತಿರುವುದು ಇಂಥವುಗಳ ಮೇಲೆಯೇ. ಇವೆಲ್ಲ ಮುಕ್ತ ತಂತ್ರಾಂಶಗಳು. ಇವುಗಳ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನೆರೆಯವರಿಗೆ ಕೊಡಬಹುದು. ಕೊಂಡುಕೊಳ್ಳಲು ಅಂಗಡಿಗೆ ಹೋಗಬೇಕಿಲ್ಲ. ಹಾಗಾದರೆ ಇವನ್ನು ನೋಡಿಕೊಳ್ಳುವವರು ಯಾರು? ಅವರಿಗೆ ಕೂಲಿ ಕೊಡುವವರು ಯಾರು? ಕಂಪ್ಯೂಟರಿನ ಗಂಧವಿಲ್ಲದ ನಮ್ಮ ಹಿರಿಯರು ಇಂಥದ್ದೇ ಪ್ರಶ್ನೆಗೆ ಶತಮಾನಗಳ ಹಿಂದೆ ಒಂದು ಉತ್ತರ ಕಂಡುಕೊಂಡಿದ್ದರು.

ಕುಣಿಗಲ್ ಕೆರೆಯ ಚೆಲುವನ್ನು ಹಾಡಿದ ಜನಪದ ಗೀತೆ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಹಾಡು ಕೆರೆಯನ್ನು ಹೊಗಳುತ್ತದೆ. ಕೆರೆಗಳನ್ನು ಉಳಿಸಿಕೊಂಡು ಬಂದ ಲೆಕ್ಕಪತ್ರ ಇರುವುದು ಶಾಸನಗಳಲ್ಲಿ. ಗಂಗರ ಕಾಲದ ಶಾಸನಗಳಲ್ಲಿ 'ಬಿತ್ತುವಟ್ಟ' ಎಂಬ ಮಾತು ಬರುತ್ತದೆ. ಮುಂದಿನ ಶಾಸನಗಳಲ್ಲಿ 'ಕಟ್ಟುಕೊಡಗೆ', 'ದಶವಂದ' ಎಂಬ ಮಾತುಗಳು ಸಿಗುತ್ತವೆ. ಇವೆಲ್ಲ ಕೆರೆ ಕಟ್ಟಿದವರಿಗೆ, ಕೆರೆ ಕಾಯುವವರಿಗೆ ಬಿಟ್ಟುಕೊಟ್ಟ ಭೂಮಿಯ ಅಥವಾ ಬೆಳೆಯ ಪಾಲಿನ ಹೆಸರುಗಳು. ಏರಿಗೆ ಮಣ್ಣು ಹೊರುವ ಬಂಡಿಯ ಖರ್ಚಿಗೆಂದೇ ದತ್ತಿ ಬಿಟ್ಟದ್ದೂ ಉಂಟು. ನೀರಿನ ಮೇಲೆ ಊರಿಗೆಲ್ಲ ಹಕ್ಕಿತ್ತು. ಆದರೆ ಏರಿಯ ಮೇಲಿನ ಜಾಲಿಗಿಡ ಕೀಳಲು, ಹೆಗ್ಗಣದ ಬಿಲ ಮುಚ್ಚಲು, ಹೂಳು ತೆಗೆಯಲು ದುಡ್ಡು ಎಲ್ಲಿಂದ ಬರಬೇಕೆಂಬುದನ್ನು ಕಲ್ಲಿನ ಮೇಲೆ ಬರೆದಿಟ್ಟಿದ್ದರು.

ಇದರ ಜೊತೆಗೆ ನೀರುಗಂಟಿ ಇದ್ದ. ತೂಬು ಎತ್ತುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಎಲ್ಲಾದರೂ ನೀರು ಜಿನುಗುತ್ತಿದೆಯೇ ಎಂದು ನೋಡುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ 'ಆಯ' ಬರುತ್ತಿತ್ತು, ಉಂಬಳಿ ಜಮೀನೂ ಇರುತ್ತಿತ್ತು. ಈ ವ್ಯವಸ್ಥೆಯನ್ನು ಕಣ್ಣುಮುಚ್ಚಿ ಹೊಗಳಬೇಕಿಲ್ಲ. ಅದು ಹುಟ್ಟಿನಿಂದ ಅಂಟಿಕೊಳ್ಳುತ್ತಿದ್ದ ಚಾಕರಿ. ಕೂಲಿ ಅಲ್ಪ, ಜಾತಿಯ ಭಾರ ಅಪಾರ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಇಂಥ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿದ್ದು ನ್ಯಾಯವೇ. ಆದರೆ ಹುದ್ದೆ ಹೋದ ಮೇಲೂ ಕೆಲಸ ಉಳಿದಿತ್ತು. ಅದನ್ನು ಹೊರುವವರು ಬಹಳ ಊರುಗಳಲ್ಲಿ ಇಲ್ಲವಾದರು. ಕೆರೆಗಳು ಹೂಳು ತುಂಬಿ, ತೂಬು ಕೆಟ್ಟು ಸೊರಗಿದವು. ಕಡೆಗೆ 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲ ಸಂವರ್ಧನೆ ಯೋಜನೆ ಬಂದು, ತುಮಕೂರೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಬೇಕಾಯಿತು.

ಮುಕ್ತ ತಂತ್ರಾಂಶದ ಕಥೆಯೂ ಇದೇ ದಾರಿಯದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 'ಗ್ನೂ' ಯೋಜನೆಯನ್ನು ಘೋಷಿಸಿದರು. ಅವರು ಕೇಳಿದ್ದು ಸ್ವಾತಂತ್ರ್ಯವನ್ನು, ಪುಕ್ಕಟೆಯನ್ನಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಿರುವುದರಿಂದ ಆ ದೇಶಗಳಲ್ಲಿ ಇವತ್ತಿಗೂ ಗೊಂದಲ. ಕನ್ನಡದಲ್ಲಿ 'ಮುಕ್ತ' ಬೇರೆ, 'ಪುಕ್ಕಟೆ' ಬೇರೆ. ಸ್ವತಃ ಸ್ಟಾಲ್‌ಮನ್ 1985ರ ಸುಮಾರಿಗೆ ತಮ್ಮ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. 1989ರಲ್ಲಿ ಸಿಗ್ನಸ್ ಎಂಬ ಕಂಪನಿ ಹುಟ್ಟಿತು. ಮುಕ್ತ ತಂತ್ರಾಂಶವನ್ನು ಜನರಿಗೆ ಕೈಗೆಟುಕುವಂತೆ ಮಾಡುತ್ತೇವೆಂದು ಅದು ಸಾರುತ್ತಿತ್ತು. ಪುಕ್ಕಟೆ ಸಿಗುವುದನ್ನು ಕೈಗೆಟುಕಿಸುವುದೆಂದರೇನು ಎಂದು ನಗಬಹುದು. ಆದರೆ ತಂದಿಟ್ಟ ಯಂತ್ರವನ್ನು ಓಡಿಸಲು ಬಾರದವನಿಗೆ ಅದು ಪುಕ್ಕಟೆಯಾದರೂ ದುಬಾರಿಯೇ.

ಗುಬ್ಬಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1884ರಲ್ಲಿ ಆ ಊರಿನಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿನ ಮನೆಮಾತಾದ ನಾಟಕ ಕಂಪನಿ ಆಡಿದ್ದರಲ್ಲಿ ಬಹಳಷ್ಟು ಪುರಾಣದ ಕಥೆಗಳೇ. ಕುರುಕ್ಷೇತ್ರದ ಕಥೆ ಯಾರಪ್ಪನ ಸ್ವತ್ತೂ ಅಲ್ಲ. ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಯಾರು ಬೇಕಾದರೂ ಹೇಳಬಹುದು. ಆದರೂ ಜನ ಟಿಕೆಟ್ ಕೊಂಡು ಟೆಂಟಿಗೆ ನುಗ್ಗಿದರು. ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಆ ವೈಭವಕ್ಕೆ, ಪರದೆ ಬರೆದವನ ಕೈಚಳಕಕ್ಕೆ, ಹಾರ್ಮೋನಿಯಂ ನುಡಿಸಿದವನ ಶ್ರಮಕ್ಕೆ, ಹೇಳಿದ ಹೊತ್ತಿಗೆ ಆಟ ಶುರುವಾಗುತ್ತದೆಂಬ ಭರವಸೆಗೆ ಅವರು ಕಾಸು ಕೊಟ್ಟರು. ಕಥೆ ಎಲ್ಲರದು, ಆಟ ಕಂಪನಿಯದು.

1993ರಲ್ಲಿ ಆರಂಭವಾದ ರೆಡ್ ಹ್ಯಾಟ್ ಕಂಪನಿ ಬೆಳೆದದ್ದು ಈ ಸೂತ್ರದ ಮೇಲೆಯೇ. ಲಿನಕ್ಸ್ ಎಲ್ಲರದು. ಅದನ್ನು ಪರೀಕ್ಷಿಸಿ, ವರ್ಷಗಟ್ಟಲೆ ರಿಪೇರಿ ಮಾಡಿಕೊಡುವ ಹೊಣೆಗೆ ವಾರ್ಷಿಕ ಚಂದಾ. 2019ರಲ್ಲಿ ಐಬಿಎಂ ಈ ಕಂಪನಿಯನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು. ನಮ್ಮಲ್ಲಿ 1996ರಲ್ಲಿ 'ಪಿಸಿ ಕ್ವೆಸ್ಟ್' ಪತ್ರಿಕೆ ಲಿನಕ್ಸ್ ಸಿ.ಡಿ.ಯನ್ನು ಓದುಗರಿಗೆ ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಲ್ಲಿ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ನಡೆಯಿತು. ಆ ಹೊತ್ತಿಗಾಗಲೇ ಬೆಂಗಳೂರಿನಲ್ಲಿ ಡೀಪ್‌ರೂಟ್ ಲಿನಕ್ಸ್‌ನಂಥ ಸಣ್ಣ ಸಂಸ್ಥೆಗಳು ಮುಕ್ತ ತಂತ್ರಾಂಶದ ಸರ್ವರ್‌ಗಳನ್ನು ಕಟ್ಟಿಕೊಟ್ಟು, ಅವುಗಳ ಮೇಲ್ವಿಚಾರಣೆಯಿಂದಲೇ ಜೀವನ ನಡೆಸಲು ಹೊರಟಿದ್ದವು.

ಕೊಟ್ಟ ಹಣಕ್ಕೆ ಸಿಗುವುದೇನು? ಮೊದಲನೆಯದು ತೇಪೆ. ತಂತ್ರಾಂಶ ಎಂದರೆ ಲಕ್ಷಾಂತರ ಸಾಲುಗಳ ಬರಹ. ಅದರಲ್ಲಿ ತಪ್ಪು ಉಳಿಯುವುದು ಸಹಜ. ತಪ್ಪು ಕಂಡಾಗ ಅಷ್ಟು ಭಾಗಕ್ಕೆ ಮಾತ್ರ ಹೊಸ ತುಂಡು ಹೊಲಿಯುತ್ತಾರೆ. 1995ರಲ್ಲಿ ಹೊರಬಂದ ಅಪಾಚೆ ಸರ್ವರ್ ಶುರುವಾದದ್ದೇ ಹಳೆಯದೊಂದು ತಂತ್ರಾಂಶಕ್ಕೆ ಹಲವರು ಹಾಕಿದ ತೇಪೆಗಳನ್ನು ಕೂಡಿಸಿ. ತೇಪೆಯ ಕಷ್ಟವೆಂದರೆ ಅದು ತಾನಾಗಿ ಅಂಟಿಕೊಳ್ಳುವುದಿಲ್ಲ, ಯಾರಾದರೂ ಹಾಕಬೇಕು. 2017ರ ಮಾರ್ಚ್‌ನಲ್ಲಿ ಅಪಾಚೆ ಸ್ಟ್ರಟ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಬಿರುಕು ಕಂಡಿತು, ತೇಪೆಯೂ ಆಗಲೇ ಸಿದ್ಧವಾಗಿ ಬಂತು. ಅಮೆರಿಕದ ಎಕ್ವಿಫ್ಯಾಕ್ಸ್ ಕಂಪನಿ ಅದನ್ನು ತನ್ನ ಒಂದು ಸರ್ವರ್‌ಗೆ ಹಾಕಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಒಳನುಗ್ಗಿ ಸುಮಾರು 14.7 ಕೋಟಿ ಜನರ ವಿವರಗಳನ್ನು ದೋಚಿದರು. ಔಷಧ ಕಪಾಟಿನಲ್ಲೇ ಇತ್ತು, ರೋಗಿಗೆ ಕುಡಿಸುವವರಿರಲಿಲ್ಲ.

ಎರಡನೆಯದು ಕಾವಲು. 1999ರಲ್ಲಿ ಶುರುವಾದ ನಾಗಿಯೋಸ್, 2001ರ ಜ್ಯಾಬಿಕ್ಸ್, 2012ರ ಪ್ರೊಮೀಥಿಯಸ್ ಇವೆಲ್ಲ ಸರ್ವರ್‌ಗಳ ನಾಡಿ ನೋಡುವ ಉಪಕರಣಗಳು. ಡಿಸ್ಕ್ ತುಂಬುತ್ತಿದೆಯೇ, ಉತ್ತರ ತಡವಾಗುತ್ತಿದೆಯೇ, ಅಪರಾತ್ರಿಯಲ್ಲಿ ಯಾರೋ ಬಾಗಿಲು ತಟ್ಟುತ್ತಿದ್ದಾರೆಯೇ ಎಂದು ನಿಮಿಷ ನಿಮಿಷಕ್ಕೂ ಅಳೆದು, ಏರುಪೇರಾದರೆ ಫೋನಿಗೆ ಸಂದೇಶ ಕಳಿಸುತ್ತವೆ. ಇವೂ ಮುಕ್ತ ತಂತ್ರಾಂಶಗಳೇ. ಜ್ಯಾಬಿಕ್ಸ್‌ನವರು ತಂತ್ರಾಂಶವನ್ನು ಸುಮ್ಮನೆ ಕೊಟ್ಟು ಬೆಂಬಲವನ್ನು ಮಾರುತ್ತಾರೆ. ಆದರೆ ಗಂಟೆ ಬಾರಿಸಿದರೆ ಸಾಲದು, ಕೇಳಿ ಎದ್ದು ಬರುವವನೊಬ್ಬ ಇರಬೇಕು.

ಇದಕ್ಕೆ 2024ರ ಮಾರ್ಚ್‌ನ ಒಂದು ಪ್ರಸಂಗವೇ ಸಾಕ್ಷಿ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ತಮ್ಮ ಪರೀಕ್ಷಾ ಕಂಪ್ಯೂಟರಿಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯೆಂಬುದನ್ನು ಗಮನಿಸಿದರು. ಅರ್ಧ ಸೆಕೆಂಡ್ ತಾನೇ ಎಂದು ಬಿಡಬಹುದಿತ್ತು. ಬಿಡದೆ ಬೆನ್ನುಹತ್ತಿದಾಗ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿರುವುದು ಪತ್ತೆಯಾಯಿತು. ಅದನ್ನು ನೋಡಿಕೊಳ್ಳುತ್ತಿದ್ದವರು ಸಂಬಳವಿಲ್ಲದೆ ದುಡಿದು ದಣಿದ ಒಬ್ಬ ವ್ಯಕ್ತಿ. ಅವರಿಗೆ ನೆರವಾಗುವ ನೆಪದಲ್ಲಿ ವರ್ಷಗಳ ಕಾಲ ವಿಶ್ವಾಸ ಗಳಿಸಿದ ಅಪರಿಚಿತನೇ ಈ ಕೆಲಸ ಮಾಡಿದ್ದ. ಆ ಆವೃತ್ತಿ ಜಗತ್ತಿನ ಸರ್ವರ್‌ಗಳಿಗೆ ಹಬ್ಬುವ ಮೊದಲೇ ಸಿಕ್ಕಿಬಿದ್ದದ್ದು ಪುಣ್ಯ. ಏರಿಯ ಬುಡದಲ್ಲಿ ಅಂಗೈಯಗಲ ಒದ್ದೆ ಕಂಡು ಊರನ್ನು ಎಬ್ಬಿಸುವ ನೀರುಗಂಟಿಯ ಕಣ್ಣು ಅದು.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ರೆಡ್ ಹ್ಯಾಟ್‌ನಂಥ ಕಂಪನಿಗೆ ಕೊಟ್ಟ ಹಣ ಕೆರೆಯ ಮೂಲಕ್ಕೆ, ಅಂದರೆ ಬರೆದವರಿಗೆ ಮುಟ್ಟುತ್ತದೆಯೇ? ಎಲ್ಲ ಬಾರಿಯೂ ಇಲ್ಲ. ಬ್ಯಾಂಕು, ಅಂಗಡಿ, ಅಂಚೆ ಎಲ್ಲದರ ಗುಟ್ಟನ್ನು ಕಾಯುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ 2014ರ ಏಪ್ರಿಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ಬಿರುಕು ಬಯಲಾಯಿತು. ಎರಡು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್, ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು ಎಂಬುದು ತಿಳಿದಾಗ ದೊಡ್ಡ ಕಂಪನಿಗಳೇ ನಾಚಿದವು. ಆ ಬಳಿಕ ಲಿನಕ್ಸ್ ಫೌಂಡೇಶನ್ ನಿಧಿಯೊಂದನ್ನು ಕೂಡಿಸಿತು. ಬೆಂಗಳೂರಿನ ಜೆರೋಧಾ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿಯನ್ನು ಘೋಷಿಸಿತು. ಷೇರು ವ್ಯವಹಾರದ ಸಂಸ್ಥೆಗೆ ಈ ದಾನಬುದ್ಧಿ ಏಕೆಂದರೆ, ಅದರ ವಹಿವಾಟು ನಿಂತಿರುವುದು ಇಂಥ ತಂತ್ರಾಂಶಗಳ ಮೇಲೆಯೇ. ಹಳೆಯ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಕಟ್ಟುಕೊಡಗೆ.

ಹಣ ಕೊಟ್ಟರೆ ಎಲ್ಲ ಸುಗಮವೆಂದೂ ಭಾವಿಸಬೇಕಿಲ್ಲ. ರೆಡ್ ಹ್ಯಾಟ್‌ನ ಲಿನಕ್ಸನ್ನೇ ಹೋಲುವ 'ಸೆಂಟ್‌ಓಎಸ್' ಬಹುಕಾಲ ಪುಕ್ಕಟೆ ಸಿಗುತ್ತಿತ್ತು, ಚಂದಾ ಕಟ್ಟಲಾಗದವರು ಅದನ್ನೇ ನಂಬಿದ್ದರು. ಅದರ 8ನೆಯ ಆವೃತ್ತಿಗೆ 2029ರವರೆಗೆ ತೇಪೆ ಸಿಗುತ್ತದೆಂದು ಹೇಳಿದ್ದವರು 2020ರ ಡಿಸೆಂಬರ್‌ನಲ್ಲಿ ಮಾತು ಬದಲಿಸಿ, 2021ರ ಕೊನೆಗೇ ನಿಲ್ಲಿಸಿದರು. 7ನೆಯ ಆವೃತ್ತಿಯ ಗಡುವು 2024ರ ಜೂನ್ 30ಕ್ಕೆ ಮುಗಿಯಿತು. ಆ ಮೇಲೂ ಅದನ್ನೇ ಓಡಿಸುತ್ತಿರುವ ಸರ್ವರ್ ಕಾವಲಿಲ್ಲದ ಏರಿಯಂತೆ. ಆದರೆ ಮುಕ್ತ ತಂತ್ರಾಂಶದ ಬಲ ಕಂಡದ್ದೂ ಆಗಲೇ. ಬರಹ ಎಲ್ಲರ ಕೈಯಲ್ಲಿದ್ದುದರಿಂದ 2021ರಲ್ಲೇ ಅಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಹೊಸ ರೂಪಗಳು ಹುಟ್ಟಿದವು. ಹಳೆಯ ಆವೃತ್ತಿಗೇ ಹಣ ಪಡೆದು ತೇಪೆ ಹಾಕಿಕೊಡುವವರೂ ಬಂದರು. ಬರಹವನ್ನು ಬಚ್ಚಿಟ್ಟುಕೊಳ್ಳುವ ಕಂಪನಿ ಕೈಬಿಟ್ಟರೆ ಇಂಥ ದಾರಿಯೇ ಇರುವುದಿಲ್ಲ. ಕಂಪನಿ ಕೈಕೊಟ್ಟರೂ ಕೆರೆ ಉಳಿಯುತ್ತದೆ, ಬೇರೆ ನೀರುಗಂಟಿಯನ್ನು ನೇಮಿಸಿಕೊಳ್ಳಬಹುದು.

ಇನ್ನು ತುಮಕೂರಿನ ಮಾತು. 2015ರಲ್ಲಿ ಕೇಂದ್ರ ಸರ್ಕಾರ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿತು. ಒಳ್ಳೆಯ ನೀತಿ. ಆದರೆ ತಂತ್ರಾಂಶದ ಬೆಲೆ ಸೊನ್ನೆಯಾದ ಕೂಡಲೇ ಆಯವ್ಯಯದಲ್ಲಿ ಅದರ ಪಾಲನೆಯ ಕಾಲಂ ಕೂಡ ಸೊನ್ನೆಯಾಗುವ ಅಪಾಯವಿದೆ. ಜೆರಾಕ್ಸ್ ಯಂತ್ರಕ್ಕೆ, ಲಿಫ್ಟಿಗೆ, ಜನರೇಟರಿಗೆ ತಪ್ಪದೆ ಎ.ಎಂ.ಸಿ. ಕಟ್ಟುವ ಕಾಲೇಜು, ಸಹಕಾರ ಸಂಘ, ಆಸ್ಪತ್ರೆಗಳು 'ಲಿನಕ್ಸ್ ಫ್ರೀ ಅಲ್ಲವೇ' ಎಂದು ಸರ್ವರನ್ನು ಮರೆಯಬಾರದು. ಅದರೊಳಗೆ ಇರುವುದು ಅಡಿಕೆ, ತೆಂಗು ಬೆಳೆಗಾರನ ಸಾಲದ ಲೆಕ್ಕ, ಮಕ್ಕಳ ಅಂಕಪಟ್ಟಿ, ರೋಗಿಯ ಗುಟ್ಟು. 2022ರ ಏಪ್ರಿಲ್‌ನ ಸರ್ಟ್-ಇನ್ ಆದೇಶದಂತೆ ಸರ್ವರ್‌ನ ದಿನಚರಿ ದಾಖಲೆಗಳನ್ನು 180 ದಿನ ಕಾಪಾಡಬೇಕು, ಕನ್ನ ಬಿದ್ದದ್ದು ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕು. ನೋಡುವವರೇ ಇಲ್ಲದಿದ್ದರೆ ಕನ್ನ ಬಿದ್ದದ್ದು ತಿಳಿಯುವುದಾದರೂ ಹೇಗೆ?

ಇದಕ್ಕೆ ಕೋಟಿಗಳು ಬೇಕಿಲ್ಲ. ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಲಿನಕ್ಸ್ ಕಲಿತು ಬೆಂಗಳೂರಿನ ರೈಲು ಹತ್ತುವ ಹುಡುಗ ಹುಡುಗಿಯರಿಗೆ ಇದೊಂದು ಊರಿನಲ್ಲೇ ಇರುವ ಉದ್ಯೋಗವಾಗಬಲ್ಲದು. ಗುಬ್ಬಿಯ ಒಂದು ಸಂಘ, ಕುಣಿಗಲ್ಲಿನ ಒಂದು ಕಾಲೇಜು, ತುಮಕೂರಿನ ಒಂದು ಆಸ್ಪತ್ರೆ ಸೇರಿ ಒಬ್ಬ ತಜ್ಞನಿಗೆ ಸಂಬಳ ಕೊಡಬಹುದು. ಅಚ್ಚುಕಟ್ಟಿನ ರೈತರೆಲ್ಲ ಸೇರಿ ನೀರುಗಂಟಿಗೆ ಆಯ ಕೊಡುತ್ತಿದ್ದುದೂ ಹಾಗೆಯೇ. ವ್ಯತ್ಯಾಸ ಒಂದಿರಲಿ: ಈ ಬಾರಿ ಕೆಲಸ ಹುಟ್ಟಿನಿಂದ ಬರುವುದು ಬೇಡ, ಕಲಿಕೆಯಿಂದ ಬರಲಿ. ಕೂಲಿ ಕಣದ ಅಂಚಿನಲ್ಲಿ ಉಳಿದ ಕಾಳಾಗುವುದು ಬೇಡ, ಕರಾರಿನಲ್ಲಿ ಬರೆದ ಸಂಬಳವಾಗಲಿ.

ಸಂಘದ ವಾರ್ಷಿಕ ಸಭೆಯಲ್ಲೋ ಕಾಲೇಜಿನ ಪೋಷಕರ ಸಭೆಯಲ್ಲೋ ಮೂರು ಪ್ರಶ್ನೆ ಕೇಳಲು ಯಾರೂ ಕಂಪ್ಯೂಟರ್ ಪಂಡಿತರಾಗಬೇಕಿಲ್ಲ. ನಮ್ಮ ಸರ್ವರ್‌ಗೆ ಕೊನೆಯ ತೇಪೆ ಹಾಕಿದ್ದು ಯಾವತ್ತು? ರಾತ್ರಿ ಅದು ಕೆಟ್ಟರೆ ಯಾರ ಫೋನು ರಿಂಗಾಗುತ್ತದೆ? ಅವರಿಗೆ ಸಂಬಳ ಯಾವ ಲೆಕ್ಕದಿಂದ ಹೋಗುತ್ತದೆ? ಈ ಮೂರಕ್ಕೂ ಉತ್ತರ ಸಿಕ್ಕಿದರೆ ನಿಶ್ಚಿಂತೆ. ಸಿಗದಿದ್ದರೆ ಮುಂದಿನ ಮಳೆಗಾಲಕ್ಕೆ ಮೊದಲೇ ಏರಿಯ ಮೇಲೊಮ್ಮೆ ನಡೆದು ನೋಡುವುದು ಒಳ್ಳೆಯದು.