ವಾರ್ಡಿನಲ್ಲಿ ನಡೆಯಬೇಕಾದ ಪಾಠ



ನಮ್ಮ ಸೆಮಿನರಿಗಳು ಮಾತಾಡುವುದನ್ನು ಚೆನ್ನಾಗಿ ಕಲಿಸುತ್ತವೆ. ಸೆರಾಂಪುರದ ಸೆನೆಟ್‌ಗೆ ಸೇರಿದ ಕಾಲೇಜುಗಳಲ್ಲಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿ ಮಾಡುವವರು ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ, ಸಭಾಚರಿತ್ರೆ, ದೈವಶಾಸ್ತ್ರ ಓದಿ, ಪ್ರಸಂಗ ಕಟ್ಟುವುದನ್ನೂ ರೂಢಿಸಿಕೊಂಡು ಹೊರಬರುತ್ತಾರೆ. ಅವರಲ್ಲೊಬ್ಬರು ಆಸ್ಪತ್ರೆಗೆ ಚಾಪ್ಲೇನ್ ಆಗಿ, ಅಂದರೆ ರೋಗಿಗಳ ಮನಸ್ಸಿಗೆ ಆಸರೆಯಾಗುವ ಪಾದ್ರಿಯಾಗಿ, ಹೋದರೆನ್ನಿ. ಐಸಿಯು ಹೊರಗಿನ ಬೆಂಚಿನಲ್ಲಿ ಒಬ್ಬ ತಾಯಿ ಕೂತಿದ್ದಾರೆ, ಒಳಗೆ ಮಗ ವೆಂಟಿಲೇಟರಿನಲ್ಲಿದ್ದಾನೆ. ಆ ತಾಯಿಗೆ ಪ್ರಸಂಗ ಬೇಡ. ಹಾಗಾದರೆ ಏನು ಬೇಕು? ಈ ಪ್ರಶ್ನೆಗೆ ತಯಾರಿ ಕೊಡುವ ಪಾಠ ನಮ್ಮಲ್ಲಿ ಇಂದಿಗೂ ಅಂಚಿನಲ್ಲೇ ಉಳಿದಿದೆ ಎಂಬುದು ನನ್ನ ತಕರಾರು.

ಇದೇ ತಕರಾರು ಎತ್ತಿದವರಲ್ಲಿ ಅಮೆರಿಕದ ಆಂಟನ್ ಬಾಯ್ಸೆನ್ ಒಬ್ಬರು. ಸಭಾಪಾಲಕರಾಗಿದ್ದ ಅವರು 1920ರಲ್ಲಿ ತಾವೇ ಮಾನಸಿಕ ರೋಗಿಯಾಗಿ ಆಸ್ಪತ್ರೆ ಸೇರಬೇಕಾಯಿತು. ಚೇತರಿಸಿಕೊಂಡ ಮೇಲೆ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಚಾಪ್ಲೇನ್ ಆಗಿ ಬಂದರು. 1925ರ ಬೇಸಿಗೆಯಲ್ಲಿ ಬೆರಳೆಣಿಕೆಯ ಸೆಮಿನರಿ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆಸಿದರು. ಆ ವಿದ್ಯಾರ್ಥಿಗಳು ಬಂದದ್ದು ಪ್ರಾರ್ಥನೆ ನಡೆಸುವುದಕ್ಕಲ್ಲ, ವಾರ್ಡಿನ ಆಳುಗಳಾಗಿ ದುಡಿಯುವುದಕ್ಕೆ! ದಿನವಿಡೀ ರೋಗಿಗಳ ಆರೈಕೆ, ಆಮೇಲೆ ಕಂಡದ್ದರ ಚರ್ಚೆ. ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ನೊಂದ ಮನುಷ್ಯನನ್ನೂ ಓದಬೇಕು ಎಂಬುದು ಬಾಯ್ಸೆನ್ ಅವರ ವಾದ. ಇಂದಿನ ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್, ಅಂದರೆ ಸಿ.ಪಿ.ಇ., ಇಂಥ ಪ್ರಯೋಗಗಳಿಂದಲೇ ಬೆಳೆದದ್ದು. ಅಮೆರಿಕದಲ್ಲಿ ಅದರ ಒಂದು ಘಟಕಕ್ಕೆ ಕನಿಷ್ಠ 400 ಗಂಟೆ ಬೇಕು. ನಮ್ಮಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆಯಂಥ ಕಡೆ ಈ ತರಬೇತಿ ಸಿಗುತ್ತದೆ.

ಇದರ ಜೀವಾಳ ‘ವರ್ಬೇಟಿಮ್’. ರೋಗಿಯ ಜೊತೆ ನಡೆದ ಮಾತುಕತೆಯನ್ನು ವಿದ್ಯಾರ್ಥಿ ನೆನಪಿನಿಂದ ಸಾಲುಸಾಲಾಗಿ ಬರೆಯಬೇಕು; ರೋಗಿಯ ಗುರುತು ಮಾತ್ರ ಬಿಟ್ಟುಕೊಡುವಂತಿಲ್ಲ. ಜೊತೆಗಾರರೂ ಮೇಲ್ವಿಚಾರಕರೂ ಕೂತು ಅದನ್ನು ಬಿಡಿಸುತ್ತಾರೆ. ‘ನನಗೇ ಯಾಕೆ ಹೀಗಾಯ್ತು?’ ಎಂದು ರೋಗಿ ಕೇಳಿದಾಗ ನೀವು ಥಟ್ಟನೆ ಪ್ರಾರ್ಥನೆಗೆ ಕಣ್ಣು ಮುಚ್ಚಿದಿರಲ್ಲ, ಆ ಸಮಾಧಾನ ಬೇಕಾಗಿದ್ದು ಯಾರಿಗೆ, ಅವರಿಗೋ ನಿಮಗೋ? ಇಂಥ ಪ್ರಶ್ನೆ ನೋಯಿಸುತ್ತದೆ, ಕಲಿಸುವುದೂ ಅದೇ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಷ್ಟರವರೆಗೆ ಅವರು ಒಳ್ಳೆಯ ಚಾಪ್ಲೇನರೇ. ಬಾಯಿ ತೆರೆದು ಕಾರಣ ವಿವರಿಸತೊಡಗಿದ ಮೇಲೆ ಕೆಟ್ಟದ್ದು.

ಇನ್ನೊಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಮಿಷನ್ ಆಸ್ಪತ್ರೆಗಳಿಗೆ ಎಲ್ಲ ಧರ್ಮದವರೂ ಬರುತ್ತಾರೆ. ಡ್ರಿಪ್ ಹಾಕಿಸಿಕೊಂಡು ಮಲಗಿದವರು ಎದ್ದು ಹೋಗಲಾರರು. ಎದ್ದು ಹೋಗಲಾರದವರ ಮುಂದೆ ಸುವಾರ್ತೆ ಸಾರುವುದು ಸಾಕ್ಷಿಯಲ್ಲ, ಬಲವಂತ. ಕಾನೂನಿಗೆ ಹೆದರಿ ಹೇಳುತ್ತಿಲ್ಲ. ವೃತ್ತಿಯ ಮರ್ಯಾದೆಯೇ ಅದು. ರೋಗಿ ತನ್ನ ದೇವರ ಹೆಸರು ಹಿಡಿದು ಅತ್ತರೆ ಆ ಅಳುವಿಗೆ ಕಿವಿಯಾಗುವುದೇ ಚಾಪ್ಲೇನರ ಕೆಲಸ.

‘ಕೆಲಸ ಸಿಗುತ್ತದಾ ಸರ್?’ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಸೇನೆ ಪಂಡಿತ, ಗ್ರಂಥಿ, ಮೌಲ್ವಿಗಳಂತೆ ಪಾದ್ರಿಯನ್ನೂ ಜೂನಿಯರ್ ಕಮಿಷನ್ಡ್ ಆಫೀಸರ್ (ಜೆಸಿಒ) ದರ್ಜೆಯ ಧರ್ಮಶಿಕ್ಷಕರಾಗಿ ತೆಗೆದುಕೊಳ್ಳುತ್ತದೆ. ಉಳಿದಂತೆ ಹುದ್ದೆಗಳು ಹೆಚ್ಚಾಗಿ ನಮ್ಮ ಸಂಸ್ಥೆಗಳಲ್ಲೇ ಇವೆ. ಅಂದರೆ ಆಯ್ಕೆ ನಮ್ಮ ಕೈಯಲ್ಲೇ ಇದೆ. ಹಾಗಿರುವಾಗ ಸಭಾಪಾಲಕರ ವರ್ಗಾವಣೆಯ ಪಟ್ಟಿಯಲ್ಲಿ ಹೆಸರು ಬಂತೆಂದು ಯಾರನ್ನೋ ಆಸ್ಪತ್ರೆಗೆ ಕಳಿಸುವುದು ರೋಗಿಗೂ ಅನ್ಯಾಯ, ಹೋದವರಿಗೂ ಅನ್ಯಾಯ.

ಕೊನೆಗೆ ಭಾಷೆಯ ವಿಷಯ. 1847ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಸೆಮಿನರಿ ತೆರೆಯಿತು. ಅದಕ್ಕೂ ನಾಲ್ಕು ವರ್ಷ ಮೊದಲೇ ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಎಂಬ ಕನ್ನಡ ಪತ್ರಿಕೆ ಹೊರತಂದಿದ್ದರು. ಅಂಥ ಪರಂಪರೆಯವರು ನಾವು, ರೋಗಿ ಕನ್ನಡದಲ್ಲೋ ತುಳುವಿನಲ್ಲೋ ತೋಡಿಕೊಂಡದ್ದನ್ನು ವರ್ಬೇಟಿಮ್‌ನಲ್ಲಿ ಇಂಗ್ಲಿಷಿನಲ್ಲೇ ಬರೆಸಿ ತಿದ್ದುವುದು ಎಷ್ಟು ಸರಿ? ಮಧ್ಯಾಹ್ನ ಪಠ್ಯಕ್ರಮದ ಗೋಷ್ಠಿಯಿದೆ. ಒಂದು ಪೂರ್ತಿ ಅವಧಿಯ ವಾರ್ಡ್ ತರಬೇತಿ ಪ್ರತಿ ಬಿ.ಡಿ. ವಿದ್ಯಾರ್ಥಿಗೂ ಕಡ್ಡಾಯವಾಗಲಿ, ವರ್ಬೇಟಿಮ್ ರೋಗಿಯ ಭಾಷೆಯಲ್ಲೇ ಇರಲಿ ಎಂಬ ಎರಡು ನಿರ್ಣಯಗಳನ್ನು ಅಲ್ಲಿ ಮಂಡಿಸಿ, ಒಪ್ಪಿಸಿಕೊಂಡೇ ಏಳಬೇಕೆಂದು ನಿಮ್ಮೆಲ್ಲರನ್ನು ಕೇಳಿಕೊಳ್ಳುತ್ತೇನೆ.